ತಪ್ಪಿಸಿ ಹಾಕಿದ ಒಂದು ಸ್ವಿಚ್ಚು, ಒಂಬತ್ತು ರಾತ್ರಿ

ಮನೆಯನ್ನು ಬೆಚ್ಚಗಿಡುವ ಗ್ಯಾಸ್ ಫರ್ನೇಸ್ ಪದೇ ಪದೇ ನಿಲ್ಲುತ್ತಿದ್ದಾಗ, ಅದು ಹೇಗಾದರೂ ನಡೆದರೆ ಸಾಕೆಂಬ ಆತುರದಲ್ಲಿ ನಾನು ಮಾಡಿದ ತಪ್ಪನ್ನು ಬೇರೆ ಯಾರೂ ಮಾಡಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಚಳಿಗಾಲದ ಒಂದು ರಾತ್ರಿ ಫರ್ನೇಸ್ ನಿಂತುಹೋಯಿತು. ಮುಚ್ಚಳ ತೆಗೆದು ನೋಡಿದರೆ ಬರ್ನರ್‌ಗಳ ಪಕ್ಕದಲ್ಲಿ ನಾಣ್ಯದಷ್ಟಗಲದ ಬಿಲ್ಲೆಯೂ ಅದರ ನಡುವೆ ಪುಟ್ಟ ಗುಂಡಿಯೂ ಕಾಣಿಸಿದವು. ಗುಂಡಿ ಒತ್ತಿ ಮುಚ್ಚಳ ಹಾಕಿದೆ, ಫರ್ನೇಸ್ ಶುರುವಾಯಿತು. ಎರಡು ದಿನಗಳ ಬಳಿಕ ಮತ್ತೆ ನಿಂತಿತು, ಮತ್ತೆ ಒತ್ತಿದೆ. ಮೂರನೆಯ ಸಲ ನಿಂತಾಗ ಬಂದ ಮೆಕ್ಯಾನಿಕ್, ಸೆನ್ಸರ್ ಕೆಟ್ಟಿದೆ, ಹೊಸದು ಬರುವವರೆಗೆ ಹೀಗೆ ನಡೆಯಲಿ ಎಂದು ಹೇಳಿ, ಬಿಲ್ಲೆಯ ಎರಡು ತಂತಿಗಳನ್ನು ಬಿಡಿಸಿ ಒಂದಕ್ಕೊಂದು ಸೇರಿಸಿ ಹೋದರು. ಆಮೇಲೆ ಫರ್ನೇಸ್ ಒಮ್ಮೆಯೂ ನಿಲ್ಲಲಿಲ್ಲ, ನಾನು ಸಂತೋಷಪಟ್ಟೆ.

ಆ ಬಿಲ್ಲೆಯ ಹೆಸರು ರೋಲ್‌ಔಟ್ ಸ್ವಿಚ್. ಉರಿಯು, ಅದರ ಬಿಸಿಯನ್ನು ಮನೆಯ ಗಾಳಿಗೆ ದಾಟಿಸುವ ಒಳಗಿನ ಲೋಹದ ಗೂಡಾದ ಹೀಟ್ ಎಕ್ಸ್‌ಚೇಂಜರಿನತ್ತ ಹೋಗದೆ ಬರ್ನರಿನ ಮುಂಭಾಗಕ್ಕೆ ಚಾಚಿಕೊಂಡಾಗ ಅದು ಬಿಸಿಯಾಗಿ ಗ್ಯಾಸ್ ವಾಲ್ವಿಗೆ ಹೋಗುವ ವಿದ್ಯುತ್ತನ್ನು ಕಡಿಯುತ್ತದೆ. ಹೆಚ್ಚಿನ ಫರ್ನೇಸ್‌ಗಳಲ್ಲಿ ಅದು ತಾನಾಗಿ ಮೊದಲಿನ ಸ್ಥಿತಿಗೆ ಮರಳದೆ ಕೈಯಿಂದಲೇ ಒತ್ತಬೇಕಾಗಿರುವುದಕ್ಕೆ ಕಾರಣ, ಒತ್ತುವ ಮುನ್ನ ಯಾರಾದರೂ ಬಂದು ಉರಿ ಹೊರಗೆ ಬಂದದ್ದೇಕೆಂದು ನೋಡಲಿ ಎಂಬುದು. ನೋಡಬೇಕಾದದ್ದನ್ನು ನೋಡದೆ ಎರಡು ಸಲ ಒತ್ತಿದವರಲ್ಲಿ ನಾನೂ ಒಬ್ಬ. ಹೀಗಾಗಿ ದೂರನ್ನು ಮೆಕ್ಯಾನಿಕ್ ಒಬ್ಬರ ಮೇಲೆಯೇ ಹೊರಿಸಲಾರೆ.

ಒಂಬತ್ತನೆಯ ರಾತ್ರಿ, ಗ್ಯಾಸ್ ಸರಿಯಾಗಿ ಉರಿಯದಿದ್ದಾಗ ಹುಟ್ಟುವ ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡಿನ ಅಲಾರಂ ಕೂಗಿತು. ಅದಕ್ಕೂ ಮುಂಚೆ ಮೂರು ದಿನಗಳಿಂದ ಮನೆಯವರೆಲ್ಲರಿಗೂ ತಲೆನೋವಿತ್ತು, ನೆಗಡಿ ಎಂದುಕೊಂಡಿದ್ದೆವು. ಅಡುಗೆ ಗ್ಯಾಸ್ ಸೋರಿದರೆ ಅದಕ್ಕೆ ಬೆರೆಸಿದ ವಾಸನೆಯಿಂದ ಗೊತ್ತಾಗುತ್ತದೆ, ಈ ಅನಿಲಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಇಂಥ ಅಲಾರಂಗಳಿಗಿರುವ ಅಮೆರಿಕದ ಯುಎಲ್ 2034 ಸುರಕ್ಷತಾ ಮಾನದಂಡದ ಅಲಾರಂ, ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 70 ಪಾಲು ಈ ಅನಿಲವಿದ್ದಾಗಲೂ ಕೂಗಲು ಒಂದರಿಂದ ನಾಲ್ಕು ಗಂಟೆ ತೆಗೆದುಕೊಳ್ಳಬಹುದು. ಅದಕ್ಕಿಂತ ಬಹಳ ಕಡಿಮೆಯಿದ್ದರೆ ಸುಮ್ಮನೇ ಇರುತ್ತದೆ. ಅಲಾರಂ ಮೌನವಾಗಿದೆ ಎಂಬ ನಮ್ಮ ಧೈರ್ಯಕ್ಕೆ ಆಧಾರವಿರಲಿಲ್ಲ. ಎಲ್ಲರೂ ಹೊರಗೆ ಬಂದು ತುರ್ತು ಸೇವೆಯವರನ್ನು ಕರೆದೆವು.

ಪರೀಕ್ಷಿಸಿದವರು ತೋರಿಸಿದ್ದು ಹೀಟ್ ಎಕ್ಸ್‌ಚೇಂಜರಿನ ಬಿರುಕು. ಬರ್ನರ್ ಹೊತ್ತಿಕೊಂಡಾಗ ನೆಟ್ಟಗೆ ನೀಲಿಯಾಗಿ ಉರಿಯುತ್ತಿದ್ದ ಜ್ವಾಲೆಗಳು, ಮನೆಯೊಳಗೆ ಗಾಳಿ ತಳ್ಳುವ ಫ್ಯಾನಾದ ಬ್ಲೋವರ್ ತಿರುಗಲು ಶುರುವಾದೊಡನೆ ಬಿರುಕಿನಿಂದ ನುಗ್ಗಿದ ಗಾಳಿಗೆ ಹೊಯ್ದಾಡಿ ಮುಂದಕ್ಕೆ ಬಾಗುತ್ತಿದ್ದವು. ಬಿರುಕು ಬಂದದ್ದೇಕೆಂದು ಕೇಳಿದಾಗ ಅವರು ಧೂಳು ಕಟ್ಟಿದ ಫಿಲ್ಟರನ್ನು ಎತ್ತಿ ಹಿಡಿದರು. ಗಾಳಿ ಸರಿಯಾಗಿ ಹರಿಯದಿದ್ದರೆ ಲೋಹ ಅತಿಯಾಗಿ ಕಾಯುತ್ತದೆ, ಆಗ ಲಿಮಿಟ್ ಸ್ವಿಚ್ ಉರಿಯನ್ನು ಆರಿಸುತ್ತದೆ; ತಣ್ಣಗಾದ ಮೇಲೆ ಅದು ತಾನಾಗಿಯೇ ಕೂಡಿಕೊಳ್ಳುವುದರಿಂದ ಮನೆಯವರ ಗಮನಕ್ಕೆ ಬರುವುದಿಲ್ಲ. ಹಿಂದಿನ ವರ್ಷವಿಡೀ ನಮ್ಮ ಫರ್ನೇಸ್ ಆಗಾಗ ಹೊತ್ತಿ ಬೇಗ ಆರುತ್ತಿದ್ದುದು ಇದೇ ಕಾರಣಕ್ಕಂತೆ.

ನಿಲ್ಲುವ ಫರ್ನೇಸೆಲ್ಲವೂ ಅಪಾಯಕಾರಿಯೆಂದಲ್ಲ. ಹೊತ್ತಿಕೊಂಡ ಕೆಲವೇ ಕ್ಷಣಗಳಲ್ಲಿ ಆರಿಹೋಗುತ್ತಿದ್ದರೆ ಜ್ವಾಲೆಯನ್ನು ಗುರುತಿಸುವ ಕಡ್ಡಿಗೆ ಮಸಿ ಹಿಡಿದಿರಬಹುದು. ಉರಿಯ ಮೂಲಕ ಅದರಲ್ಲಿ ಹರಿಯುವ ವಿದ್ಯುತ್ತು ಕೆಲವೇ ಮೈಕ್ರೋಆಂಪಿಯರಿನಷ್ಟು, ತೆಳು ಪದರವೊಂದೇ ಅದನ್ನು ತಡೆಯಬಲ್ಲದು. ಕರೆಂಟೂ ಗ್ಯಾಸೂ ಬಂದ್ ಮಾಡಿ ಅದನ್ನು ನಯವಾಗಿ ಒರೆಸಬಹುದು. ಆದರೆ ರೋಲ್‌ಔಟ್ ಸ್ವಿಚ್ಚನ್ನಾಗಲಿ, ಹೊಗೆಯ ದಾರಿ ತೆರೆದಿದೆಯೆಂದು ಖಾತ್ರಿಪಡಿಸುವ ಪ್ರೆಶರ್ ಸ್ವಿಚ್ಚನ್ನಾಗಲಿ ತಂತಿ ಸೇರಿಸಿ ತಪ್ಪಿಸಲು ಯಾರು ಮುಂದಾದರೂ ಒಪ್ಪಬೇಡಿ, ಒಂದು ರಾತ್ರಿಯ ಮಟ್ಟಿಗೂ ಒಪ್ಪಬೇಡಿ.

ಹೊಸ ಫರ್ನೇಸ್ ಜೋಡಿಸಿದವರಿಗೆ, ಬರ್ನರ್ ಉರಿಯುತ್ತಿರುವಾಗ ರೋಲ್‌ಔಟ್ ಸ್ವಿಚ್ಚಿನ ಒಂದು ತಂತಿಯನ್ನು ಬಿಡಿಸಿ ತೋರಿಸಿ ಎಂದು ಕೇಳಿಕೊಂಡೆ. ಬಿಡಿಸಿದೊಡನೆ ಉರಿ ಆರಿತು.