ಎದೆಯ (ಸ್ತನದ) ಗಂಟಿಗೆ ಎಫ್‌ಎನ್‌ಎಸಿಯೋ, ಕೋರ್ ಬಯಾಪ್ಸಿಯೋ?

ಎಫ್‌ಎನ್‌ಎಸಿ ಎಂದರೆ ಗಂಟಿನಿಂದ ಜೀವಕೋಶ ಹೀರಿ ತೆಗೆದು ನೋಡುವುದು. ಅದಕ್ಕೆ ಇಂಜೆಕ್ಷನ್‌ನಂಥ ಸಪೂರ ಸೂಜಿ, 22ರಿಂದ 25 ಗೇಜ್ (ಗೇಜ್ ಸಂಖ್ಯೆ ಹೆಚ್ಚಿದಷ್ಟೂ ಸೂಜಿ ಸಪೂರ). ಹೆಚ್ಚಾಗಿ ಮರಗಟ್ಟಿಸುವುದಿಲ್ಲ, ಕೆಲವೇ ನಿಮಿಷದ ಕೆಲಸ, ಖರ್ಚೂ ಕಡಿಮೆ. ಆದರೆ ಸಿಗುವುದು ಬಿಡಿ ಜೀವಕೋಶ ಮಾತ್ರ. ಸಾಕಷ್ಟು ಬಾರದಿದ್ದರೆ ಮತ್ತೆ ಚುಚ್ಚಬೇಕು.

ಕೋರ್ ಬಯಾಪ್ಸಿ ಎಂದರೆ ಗಂಟಿನ ಸಣ್ಣ ತುಣುಕನ್ನೇ ತೆಗೆಯುವುದು. ಇದಕ್ಕೆ ಸಾಮಾನ್ಯವಾಗಿ ದಪ್ಪನೆಯ 14 ಗೇಜ್ ಸೂಜಿ. ಮೊದಲು ಮರಗಟ್ಟಿಸುವ ಲಿಗ್ನೊಕೇನ್ ಇಂಜೆಕ್ಷನ್ ಕೊಡುತ್ತಾರೆ, ಉರಿಯುವುದು ಆಗಲೇ. ಅಲ್ಟ್ರಾಸೌಂಡ್ ನೋಡುತ್ತ ಸೂಜಿ ಚಿಮ್ಮಿಸುವ ಗನ್ ಒತ್ತಿದಾಗ ‘ಟಕ್’ ಎನ್ನುತ್ತದೆ; ಬೆಚ್ಚಿ ಅಲುಗಾಡಿದರೆ ಗುರಿ ತಪ್ಪೀತು. ಹೀಗೆ ನಾಲ್ಕೈದು ತುಣುಕು. ಆಮೇಲೆ ಹತ್ತು ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯದಿದ್ದರೆ ರಕ್ತ ಹೆಪ್ಪುಗಟ್ಟಿ ಬಾವು ಬರಬಹುದು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಮುಂಚೆಯೇ ಹೇಳಿ, ತಾವಾಗಿ ನಿಲ್ಲಿಸಬೇಡಿ.

ಕ್ಯಾನ್ಸರ್ ಶಂಕೆಯಿದ್ದರೆ ಕೋರ್ ಬಯಾಪ್ಸಿಯೇ ಸರಿ: ಹಾರ್ಮೋನ್, ಹರ್‌-2 (ಕ್ಯಾನ್ಸರ್ ಕೋಶದ ಒಂದು ಪ್ರೋಟೀನ್) ಪರೀಕ್ಷೆಗೆ ತುಣುಕೇ ಬೇಕು. ಶಿರಸಿಯಿಂದ ಹುಬ್ಬಳ್ಳಿಗೋ ಕಾರವಾರದಿಂದ ಮಣಿಪಾಲಕ್ಕೋ ಮೊದಲು ಎಫ್‌ಎನ್‌ಎಸಿ, ಮತ್ತೆ ಕೋರ್ ಎಂದು ಎರಡೆರಡು ಸಲ ಬಸ್ಸು ಹತ್ತುವುದೂ ತಪ್ಪೀತು.