24 ಗಂಟೆಯ ಹೋಲ್ಟರ್ ಪರೀಕ್ಷೆ: ಮಂಗಳೂರಿನ ಹೃದಯ ಚಿಕಿತ್ಸಾಲಯವೊಂದರಲ್ಲಿ ನನ್ನ ಅನುಭವ

ಕಳೆದ ಮೇ ತಿಂಗಳಲ್ಲಿ ಮಂಗಳೂರಿನ ಒಂದು ಖಾಸಗಿ ಹೃದಯ ಚಿಕಿತ್ಸಾಲಯದಲ್ಲಿ ನಾನು 24 ಗಂಟೆಯ ಹೋಲ್ಟರ್ ಪರೀಕ್ಷೆ, ಅಂದರೆ ಮೈಗೆ ಕಟ್ಟಿದ ಚಿಕ್ಕ ಯಂತ್ರವೊಂದು ಇಡೀ ದಿನದ ಎದೆಬಡಿತವನ್ನು ಬರೆದುಕೊಳ್ಳುವ ಪರೀಕ್ಷೆ, ಮಾಡಿಸಿಕೊಂಡೆ. ಪರೀಕ್ಷೆಗೂ ವರದಿಗೂ ಸೇರಿ 2,400 ರೂಪಾಯಿ, ವೈದ್ಯರ ಭೇಟಿಗೆ ಬೇರೆಯಾಗಿ 500 ರೂಪಾಯಿ ಕೊಟ್ಟೆ. ಯಂತ್ರ ಮರಳಿಸಿದಾಗ ವಾಪಸು ಸಿಗುವ ಠೇವಣಿ 2,000 ರೂಪಾಯಿ. ಚಿಕಿತ್ಸಾಲಯದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಮೆಚ್ಚುಗೆಯನ್ನೂ ಒಂದು ಗಂಭೀರವಾದ ದೂರನ್ನೂ ಅವರಿಗೆ ಪತ್ರದ ಮೂಲಕವೇ ತಿಳಿಸಿದ್ದೇನೆ. ವೈದ್ಯರು ಅಪಾಯವಿಲ್ಲ ಎಂದು ಹೇಳಿದ ಮೇಲೂ ರಾತ್ರಿ ಎದೆಯ ಮೇಲೆ ಕೈಯಿಟ್ಟುಕೊಂಡು ಮಲಗುವವರಿಗೆ ಈ ಪರೀಕ್ಷೆಯಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನು ಹೇಳುವುದಷ್ಟೇ ನನ್ನ ಉದ್ದೇಶ.

ನನಗೆ ಈಗ 43 ವರ್ಷ. ಬಿಜೈಯ ಹತ್ತಿರದ ಒಂದು ಕಚೇರಿಯಲ್ಲಿ ಲೆಕ್ಕಪತ್ರದ ಕೆಲಸ. ಎರಡು ವರ್ಷಗಳಿಂದ ಎದೆ ಇದ್ದಕ್ಕಿದ್ದಂತೆ ಒಮ್ಮೆ ಜಿಗಿದಂತಾಗುವುದು, ಒಂದು ಕ್ಷಣ ನಿಂತೇಹೋದಂತಾಗುವುದು, ಬಳಿಕ ಒಳಗಿನಿಂದ ಯಾರೋ ಗುದ್ದಿದಂತೆ ಬಲವಾಗಿ ಹೊಡೆದುಕೊಳ್ಳುವುದು ನಡೆದೇ ಇತ್ತು. ಇಸಿಜಿ ಸರಿಯಾಗಿತ್ತು, ಥೈರಾಯ್ಡ್, ಹಿಮೋಗ್ಲೋಬಿನ್, ಪೊಟ್ಯಾಸಿಯಮ್ ಸರಿಯಾಗಿದ್ದವು, ಎಕೋದಲ್ಲಿ, ಅಂದರೆ ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆಯಲ್ಲಿ, ಮೈಟ್ರಲ್ ಕವಾಟ ಸ್ವಲ್ಪ ಹಿಂದಕ್ಕೆ ಬಾಗುತ್ತದೆ, ಆದರೆ ಸೋರಿಕೆಯಿಲ್ಲ, ಹೃದಯದ ಪಂಪಿನ ಶಕ್ತಿ ಶೇ. 62 ಇದೆ ಎಂದು ಬಂದಿತ್ತು. ನೂರು ಜನರಲ್ಲಿ ಇಬ್ಬರು ಮೂವರಿಗೆ ಇಂಥ ಕವಾಟ ಇರುತ್ತದೆ, ಹೆಚ್ಚಿನವರಿಗೆ ಅದರಿಂದ ಆಯುಷ್ಯಕ್ಕೆ ತೊಂದರೆಯಿಲ್ಲ ಎಂದು ವೈದ್ಯರು ಹೇಳಿದ್ದರು. ಮಾತನ್ನು ನಂಬಿದ್ದೆ, ಆದರೆ ಮೈ ನಂಬಲಿಲ್ಲ. ಕದ್ರಿ ಗುಡ್ಡದ ಮೆಟ್ಟಿಲು ಹತ್ತುವುದನ್ನು ಬಿಟ್ಟೆ, ಮನೆಯಲ್ಲಿ ಒಬ್ಬಳೇ ಇರಲು ಹೆದರಿದೆ, ಸಂಜೆಯ ಬಸ್ಸಿನಲ್ಲಿ ಜನ ತುಂಬಿದರೆ ನಂತೂರಿನಲ್ಲಿಯೇ ಇಳಿದುಬಿಡುತ್ತಿದ್ದೆ.

ಸಾಮಾನ್ಯ ಇಸಿಜಿ ಬರೆದುಕೊಳ್ಳುವುದು ಸುಮಾರು 10 ಸೆಕೆಂಡುಗಳನ್ನು ಮಾತ್ರ. ದಿನದಲ್ಲಿ ಹೃದಯ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ನಡುವೆ ಎಲ್ಲೋ ಬಂದುಹೋಗುವ ತಪ್ಪು ಬಡಿತ ಆ 10 ಸೆಕೆಂಡಿನಲ್ಲಿಯೇ ಸಿಗಬೇಕೆಂದರೆ ಅದೃಷ್ಟ ಬೇಕು. ಹೋಲ್ಟರ್ ಇರುವುದು ಈ ಕೊರತೆಗಾಗಿಯೇ. ಅಮೆರಿಕದ ಮೊಂಟಾನಾದ ನಾರ್ಮನ್ ಹೋಲ್ಟರ್ ಮೊದಲು ರೂಪಿಸಿದ ಉಪಕರಣ ಸುಮಾರು 38 ಕಿಲೋ ತೂಗುತ್ತಿತ್ತು, ಅದನ್ನು ಬೆನ್ನ ಮೇಲೆ ಹೊರಬೇಕಾಗಿತ್ತು. 1961ರಲ್ಲಿ ಆತ ತನ್ನ ವಿಧಾನವನ್ನು ಲೇಖನವಾಗಿ ಪ್ರಕಟಿಸಿದ. ಇಂದು ನನ್ನ ಸೊಂಟಕ್ಕೆ ಕಟ್ಟಿದ್ದು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಪೆಟ್ಟಿಗೆ.

ಯಂತ್ರ ಅಳವಡಿಸಿದ ರೀತಿಯ ಬಗ್ಗೆ ನನಗೆ ಒಳ್ಳೆಯ ಮಾತೇ ಇದೆ. ಹೆಂಗಸರಿಗೆ ಹೆಣ್ಣು ತಂತ್ರಜ್ಞೆಯೇ ಇದ್ದರು, ಪರದೆ ಎಳೆದು ಬಾಗಿಲಿಗೆ ಚಿಲಕ ಹಾಕಿದರು, ಪ್ರತಿ ಪ್ಯಾಚನ್ನು ಎಲ್ಲಿ ಅಂಟಿಸುತ್ತೇನೆ, ಯಾಕೆ ಅಲ್ಲಿ ಎಂದು ಹೇಳಿಯೇ ಅಂಟಿಸಿದರು. "ಅಕ್ಕ, ನಾಳೆ ಇದೇ ಹೊತ್ತಿಗೆ ಬರುವವರೆಗೆ ಸ್ನಾನ ಮಾಡುವ ಹಾಗಿಲ್ಲ, ಆಯ್ತಾ? ಮೊಬೈಲನ್ನು ಈ ಪೆಟ್ಟಿಗೆಗೆ ತಾಗಿಸಿ ಇಟ್ಟುಕೊಳ್ಳಬೇಡಿ. ಉಳಿದ ಎಲ್ಲ ಕೆಲಸ ದಿನಾ ಮಾಡಿದ ಹಾಗೆಯೇ ಮಾಡಿ, ಹೆದರಿ ಕೂತರೆ ನಮಗೆ ಎಂತದೂ ಸಿಗುವುದಿಲ್ಲ" ಎಂದರು. ಆ ಕೊನೆಯ ಮಾತು ಬಹಳ ಮುಖ್ಯವಾದದ್ದು ಎಂದು ನನಗೆ ಆಮೇಲೆ ತಿಳಿಯಿತು.

ಅವರು ಹೇಳದೆ ಬಿಟ್ಟದ್ದು ಬೆವರಿನ ವಿಷಯ. ಮೇ ತಿಂಗಳಲ್ಲಿ ಕರಾವಳಿಯ ಸೆಕೆ ಹೇಗಿರುತ್ತದೆ ಎಂಬುದು ಇಲ್ಲಿಯವರಿಗೆ ಗೊತ್ತು. ಗಾಳಿಯಾಡದ ಬಸ್ಸಿನಲ್ಲಿ ಅರ್ಧ ಗಂಟೆ ನಿಂತರೆ ಮೈಗೆ ಅಂಟಿಸಿದ್ದು ಯಾವುದೂ ನಿಲ್ಲುವುದಿಲ್ಲ. ಸಂಜೆ 5 ಗಂಟೆಗೆ ಎಡಗಡೆಯ ಒಂದು ಪ್ಯಾಚ್ ಕಳಚಿತು. ಫೋನ್ ಮಾಡಿದಾಗ ಕೂಡಲೇ ಎತ್ತಿಕೊಂಡರು, ಒರೆಸಿ ಒಣಗಿಸಿ ಮೇಲಿನಿಂದ ಔಷಧದ ಅಂಗಡಿಯ ಕಾಗದದ ಟೇಪ್ ಹಾಕಿ ಎಂದು ತಾಳ್ಮೆಯಿಂದ ವಿವರಿಸಿದರು. ಆದರೂ ಸುಮಾರು 40 ನಿಮಿಷಗಳ ದಾಖಲೆ ಕೆಟ್ಟಿತು. ಬೇಸಿಗೆಯಲ್ಲಿ ಹೋಗುವವರು ಎರಡು ಪ್ಯಾಚುಗಳನ್ನೂ ಸ್ವಲ್ಪ ಟೇಪನ್ನೂ ಮೊದಲೇ ಕೇಳಿ ಪಡೆಯಬೇಕು, ತೆಳುವಾದ ಹತ್ತಿಯ ಬಟ್ಟೆ ಹಾಕಿಕೊಳ್ಳಬೇಕು. ತುರ್ತಿಲ್ಲದಿದ್ದರೆ ಡಿಸೆಂಬರ್, ಜನವರಿ ಒಳ್ಳೆಯ ಕಾಲ.

ಯಂತ್ರದ ಜೊತೆಗೆ ಒಂದು ಹಾಳೆ ಕೊಡುತ್ತಾರೆ. ಎದೆಯಲ್ಲಿ ಏನೇ ಅನಿಸಿದರೂ ಪೆಟ್ಟಿಗೆಯ ಗುಂಡಿ ಒತ್ತಿ, ಹಾಳೆಯಲ್ಲಿ ಸಮಯ, ಆಗ ಮಾಡುತ್ತಿದ್ದ ಕೆಲಸ, ಅನಿಸಿದ ಬಗೆ ಬರೆಯಬೇಕು. ಹೆಚ್ಚಿನವರು ಇದನ್ನು ಖಾಲಿ ಮರಳಿಸುತ್ತಾರೆ ಎಂದು ತಂತ್ರಜ್ಞೆ ಬೇಸರದಿಂದ ಹೇಳಿದರು. ನಾನು 14 ಸಲ ಬರೆದೆ: ಕಚೇರಿಯಲ್ಲಿ ಚಹಾ ಕುಡಿದ ಮೇಲೆ, ಮಗಳು ಫೋನ್ ಎತ್ತದಿದ್ದಾಗ, ರಾತ್ರಿ ಎಡಮಗ್ಗುಲಿಗೆ ಹೊರಳಿದಾಗ. ತಂತ್ರಜ್ಞೆಯ ಮಾತನ್ನು ನೆನೆದು, ಎರಡು ವರ್ಷಗಳ ನಂತರ ಕದ್ರಿ ದೇವಸ್ಥಾನದ ಮೇಲಿನ ಮೆಟ್ಟಿಲುಗಳನ್ನೂ ಹತ್ತಿ ಬಂದೆ. ಜೀವದಲ್ಲಿ ಜೀವ ಇರಲಿಲ್ಲ, ಆದರೆ ಎದೆಯ ಮೇಲೆ ಯಂತ್ರವಿದೆ, ಏನಾದರೂ ಆದರೆ ಅದು ಬರೆದುಕೊಳ್ಳುತ್ತದೆ ಎಂಬ ಧೈರ್ಯವಿತ್ತು.

ಇನ್ನು ನನ್ನ ದೂರು. ವರದಿ ಮರುದಿನ ಸಿಗುವುದೆಂದರು, ಮೂರನೆಯ ದಿನ ಸಿಕ್ಕಿತು, ಅದು ದೊಡ್ಡದಲ್ಲ. ದೊಡ್ಡದು ಯಾವುದೆಂದರೆ, ವೈದ್ಯರ ಭೇಟಿ ಎರಡು ದಿನ ಬಿಟ್ಟು ಇರುವಾಗ ಕೌಂಟರಿನಲ್ಲಿ 20 ಪುಟಗಳ ವರದಿಯನ್ನು ಒಂದು ಮಾತೂ ಹೇಳದೆ ಕೈಗೆ ಕೊಟ್ಟರು. ಮೊದಲ ಪುಟದಲ್ಲಿಯೇ "ವೆಂಟ್ರಿಕ್ಯುಲರ್ ಎಕ್ಟೋಪಿಕ್ 1,146" ಎಂದಿತ್ತು, ಕೆಳಗೆ "ಬೈಜೆಮಿನಿ" ಎಂದಿತ್ತು. ಸಾವಿರಕ್ಕಿಂತ ಹೆಚ್ಚು ತಪ್ಪು ಬಡಿತ ಎಂದು ಓದಿದವಳಿಗೆ ಜ್ಯೋತಿ ವೃತ್ತದಲ್ಲಿ ಬಸ್ಸಿಗೆ ಕಾಯುತ್ತಾ ನಿಂತಲ್ಲಿಯೇ ಕಾಲು ನಡುಗಿತು. ಆ ಎರಡು ರಾತ್ರಿ ನಾನೂ ನಿದ್ರಿಸಲಿಲ್ಲ, ನನ್ನ ಪಕ್ಕದಲ್ಲಿ ಕುಳಿತ ಅತ್ತೆಯವರೂ ನಿದ್ರಿಸಲಿಲ್ಲ. ಆತಂಕದಿಂದಲೇ ಬಂದ ರೋಗಿಗೆ ಅರ್ಥ ಹೇಳದೆ ಅಂಕಿಗಳನ್ನು ಒಪ್ಪಿಸುವುದು ಚಿಕಿತ್ಸೆಗೆ ವಿರುದ್ಧವಾದ ಕೆಲಸ ಎಂದು ನಾನು ದೃಢವಾಗಿ ನಂಬುತ್ತೇನೆ.

ಆದರೆ ವೈದ್ಯರು ಆ ವರದಿಯನ್ನು ಓದಿ ಹೇಳಿದ ಅರ್ಧ ಗಂಟೆಗಾಗಿ ನಾನು ಈ ಚಿಕಿತ್ಸಾಲಯವನ್ನು ಇತರರಿಗೆ ಸೂಚಿಸಬಲ್ಲೆ. ಅವರು ಮೊದಲು ಕೇಳಿದ್ದು ನನ್ನ ಹಾಳೆಯನ್ನು. ಒಟ್ಟು ಬಡಿತ 1,04,320. ಅದರಲ್ಲಿ 1,146 ಎಂದರೆ ಶೇ. 1.1 ಮಾತ್ರ ಎಂದು ಲೆಕ್ಕ ಮಾಡಿ ತೋರಿಸಿದರು. ಒಟ್ಟಿನಲ್ಲಿ ಶೇ. 10ಕ್ಕಿಂತ ಹೆಚ್ಚು ಇಂಥ ಬಡಿತಗಳು ದೀರ್ಘಕಾಲ ಇದ್ದಾಗ ಹೃದಯದ ಸ್ನಾಯು ಸೋಲುವ ಸಾಧ್ಯತೆಯಿದೆ, ಆಗ ನಾವು ಎಚ್ಚರ ವಹಿಸುತ್ತೇವೆ, ನಿಮ್ಮದು ಅದರ ಹತ್ತಿರವೂ ಇಲ್ಲ ಎಂದರು. ಹೃತ್ಕುಕ್ಷಿಯ, ಅಂದರೆ ಹೃದಯದ ಕೆಳಗಿನ ಕೋಣೆಯ, ಒಂದು ಮೂಲೆಯಿಂದ ಬಡಿತವೊಂದು ಸಮಯಕ್ಕೆ ಮೊದಲೇ ಹೊರಡುತ್ತದೆ; ಆಗ ಹೃದಯ ಪೂರ್ತಿ ತುಂಬಿರುವುದಿಲ್ಲ, ಹಾಗಾಗಿ ಆ ಬಡಿತ ದುರ್ಬಲ. ಅದರ ನಂತರ ಸ್ವಲ್ಪ ದೀರ್ಘವಾದ ಬಿಡುವು ಬರುತ್ತದೆ, ಆ ಬಿಡುವಿನಲ್ಲಿ ರಕ್ತ ಹೆಚ್ಚು ತುಂಬಿಕೊಳ್ಳುತ್ತದೆ, ಮುಂದಿನ ಬಡಿತ ಅದನ್ನು ಬಲವಾಗಿ ದೂಡುತ್ತದೆ. "ನಿಮಗೆ ಗುದ್ದಿದ ಹಾಗೆ ಆಗುವುದು ತಪ್ಪು ಬಡಿತ ಅಲ್ಲಮ್ಮ, ಅದರ ಹಿಂದೆ ಬರುವ ಸರಿಯಾದ ಬಡಿತ" ಎಂದರು. ಎರಡು ವರ್ಷ ನಾನು ಯಾವುದಕ್ಕೆ ಹೆದರಿದ್ದೆನೋ ಅದು ಹೃದಯ ತನ್ನ ಲಯಕ್ಕೆ ಮರಳುವ ಸದ್ದಾಗಿತ್ತು.

ಬಳಿಕ ಹಾಳೆಯ 14 ಸಾಲುಗಳನ್ನು ಒಂದೊಂದಾಗಿ ದಾಖಲೆಯ ಜೊತೆಗಿಟ್ಟು ನೋಡಿದರು. ಐದು ಸಲ ಮಾತ್ರ ಅಲ್ಲಿ ನಿಜವಾಗಿ ಎಕ್ಟೋಪಿಕ್ ಬಡಿತವಿತ್ತು. ಉಳಿದ ಒಂಬತ್ತು ಸಲ ಲಯ ಸಂಪೂರ್ಣ ಸರಿಯಾಗಿತ್ತು, ಕೆಲವೊಮ್ಮೆ ವೇಗ ಮಾತ್ರ ಹೆಚ್ಚಿತ್ತು. ಅಂದರೆ ಅಲ್ಲಿ ಹೆದರಿಕೆಯೇ ಎದೆಯನ್ನು ಓಡಿಸಿತ್ತು. ಇನ್ನೊಂದು ಕಡೆ, ನಿದ್ರೆಯಲ್ಲಿದ್ದಾಗ ನೂರಾರು ಎಕ್ಟೋಪಿಕ್ ಬಡಿತಗಳು ಬಂದು ಹೋಗಿದ್ದವು, ನನಗೆ ತಿಳಿದೇ ಇರಲಿಲ್ಲ. ಮೆಟ್ಟಿಲು ಹತ್ತುವಾಗ ಬಡಿತ 138ಕ್ಕೆ ಏರಿತ್ತು, ಆ ಹೊತ್ತಿನಲ್ಲಿ ಒಂದೂ ತಪ್ಪು ಬಡಿತವಿರಲಿಲ್ಲ. ಶ್ರಮದ ಹೊತ್ತಿನಲ್ಲಿ ಇವು ಮರೆಯಾಗುವುದು ಒಳ್ಳೆಯ ಲಕ್ಷಣವಂತೆ. ಇದನ್ನು ಕೇಳಿದಾಗ ನನಗೆ ಕಣ್ಣು ತುಂಬಿ ಬಂತು. ಅಪಾಯವಿಲ್ಲ ಎಂದು ಮೊದಲೂ ಹೇಳಿದ್ದರು. ನನ್ನ ಕೈಬರಹದ ಪಕ್ಕದಲ್ಲಿ ನನ್ನ ಹೃದಯದ ಗೆರೆಯನ್ನು ಇಟ್ಟು ತೋರಿಸಿದವರು ಇವರು ಮೊದಲಿಗರು.

ಕೈಗಡಿಯಾರದ ಒಗಟೂ ಅಲ್ಲಿಯೇ ಬಿಡಿಸಿಕೊಂಡಿತು. ಬಡಿತ ಎಣಿಸುವ ಸ್ಮಾರ್ಟ್ ವಾಚ್ ಒಂದನ್ನು ನಾನು ಧರಿಸುತ್ತಿದ್ದೆ. ಪರೀಕ್ಷೆಯ ರಾತ್ರಿ 9:20ಕ್ಕೆ ಅದು 40 ಎಂದು ತೋರಿಸಿ ಎಚ್ಚರಿಕೆ ಕೊಟ್ಟಿತ್ತು. ಹಾಳೆಯಲ್ಲಿ ಅದನ್ನೂ ಬರೆದಿದ್ದೆ. ಹೋಲ್ಟರ್ ದಾಖಲೆಯಲ್ಲಿ ಅದೇ ಹೊತ್ತಿಗೆ ಬಡಿತ 80 ಇತ್ತು. ಆಗ ಒಂದು ಸರಿ, ಒಂದು ತಪ್ಪು ಎಂದು ಬಡಿತಗಳು ಜೋಡಿಜೋಡಿಯಾಗಿ ಬರುತ್ತಿದ್ದವು, ಇದಕ್ಕೇ ಬೈಜೆಮಿನಿ ಎನ್ನುವುದು. ವಾಚು ಚರ್ಮದ ಮೇಲೆ ಹಸಿರು ಬೆಳಕು ಚೆಲ್ಲಿ ರಕ್ತದ ಅಲೆಯನ್ನು ಎಣಿಸುತ್ತದೆ, ದುರ್ಬಲವಾದ ಬಡಿತದ ಅಲೆ ಮಣಿಕಟ್ಟಿಗೆ ಮುಟ್ಟುವುದಿಲ್ಲ, ಹಾಗಾಗಿ ಅದಕ್ಕೆ ಸಿಕ್ಕಿದ್ದು ಅರ್ಧ ಲೆಕ್ಕ. ವಾಚನ್ನು ಹಳಿಯುವುದು ನನ್ನ ಉದ್ದೇಶವಲ್ಲ, ಕೆಲವರಿಗೆ ಅದರಿಂದ ಉಪಕಾರವಾಗುತ್ತದೆ. ಆದರೆ ಗಳಿಗೆಗೊಮ್ಮೆ ಅದನ್ನು ನೋಡುವುದು, ನೋಡಿ ಹೆದರುವುದು, ಹೆದರಿಕೆಯಿಂದ ಅಡ್ರಿನಾಲಿನ್ ಏರುವುದು, ಅದರಿಂದ ಇನ್ನಷ್ಟು ಎಕ್ಟೋಪಿಕ್ ಹುಟ್ಟುವುದು, ಹೀಗೆ ಒಂದು ಗಾಣ ನನ್ನೊಳಗೆ ತಿರುಗುತ್ತಿತ್ತು. ಈಗ ರಾತ್ರಿ ವಾಚನ್ನು ತೆಗೆದಿಡುತ್ತೇನೆ.

ಔಷಧದ ವಿಷಯದಲ್ಲಿಯೂ ಅವರು ಅವಸರ ಮಾಡಲಿಲ್ಲ. ಇಂಥ ತೊಂದರೆಗೆ ಕೆಲವೊಮ್ಮೆ ಪ್ರೊಪ್ರನೊಲಾಲ್‌ನಂಥ, ಬಡಿತದ ವೇಗ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ಕೊಡುತ್ತಾರೆ. ನನಗೆ ಚಿಕ್ಕಂದಿನಿಂದ ಉಬ್ಬಸ ಇರುವುದನ್ನು ಕೇಳಿ ತಿಳಿದು ಅದನ್ನು ಬೇಡವೆಂದರು. ನಿದ್ರೆ, ನೀರು, ಮಧ್ಯಾಹ್ನದ ಬಳಿಕ ಚಹಾ ಕಾಫಿ ಬೇಡ, ಎದೆ ಜಿಗಿದಾಗ ಉಸಿರನ್ನು ಎಳೆದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ನಿಧಾನವಾಗಿ ಬಿಡಬೇಕು, ಉಸಿರು ಬಿಡುವಾಗ ಬಡಿತ ತಾನಾಗಿ ತಗ್ಗುತ್ತದೆ ಎಂದರು. ಆತಂಕ ಬೇರೆಯೇ ಒಂದು ಕಾಯಿಲೆ, ಅದಕ್ಕೂ ಚಿಕಿತ್ಸೆಯಿದೆ ಎಂದು ಹೇಳಿ ಮನೋವೈದ್ಯರಿಗೆ ಪತ್ರ ಬರೆದುಕೊಟ್ಟರು, ಅದರ ಕೆಳಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416 ಅನ್ನೂ ಬರೆದರು. ಉಚಿತವಾಗಿ, ಕನ್ನಡದಲ್ಲಿಯೂ ಮಾತಾಡಬಹುದು. ನಾನು ಎರಡು ರಾತ್ರಿ ಮಾತಾಡಿದ್ದೇನೆ. ಚಿಕಿತ್ಸಾಲಯದಲ್ಲಿಯೇ ಒಬ್ಬ ಆಪ್ತಸಮಾಲೋಚಕರು ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ನನ್ನ ಅನುಭವವನ್ನು ಎಲ್ಲರೂ ತಮಗೆ ಅನ್ವಯಿಸಿಕೊಳ್ಳಬಾರದು. ಎದೆಬಡಿತದ ಜೊತೆಗೆ ಪ್ರಜ್ಞೆ ತಪ್ಪುವವರು, ಉಸಿರುಗಟ್ಟುವವರು, ಎದೆನೋವು ಬರುವವರು, ಓಡುವಾಗ ಅಥವಾ ಹತ್ತುವಾಗಲೇ ಲಯ ತಪ್ಪುವವರು, ಮನೆತನದಲ್ಲಿ ಎಳೆಯ ವಯಸ್ಸಿನಲ್ಲಿ ಹಠಾತ್ ಸಾವು ಕಂಡವರು ಹೋಲ್ಟರ್ ಸರದಿಗಾಗಿ ಕಾಯದೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು. ವಾರಕ್ಕೊಮ್ಮೆ ಮಾತ್ರ ಬರುವ ತೊಂದರೆಗೆ 24 ಗಂಟೆ ಸಾಲದು, ಹೆಚ್ಚು ದಿನ ಅಂಟಿಸಿಕೊಳ್ಳುವ ಯಂತ್ರ ಬೇಕಾಗುತ್ತದೆ. ಅದನ್ನು ಹಣ ಕಟ್ಟುವ ಮೊದಲೇ ಕೇಳಿ ತಿಳಿಯುವುದು ಒಳ್ಳೆಯದು. ಹಾಗೆಯೇ, ಬರೆದ ಹಾಳೆಯನ್ನು ವೈದ್ಯರು ದಾಖಲೆಯ ಜೊತೆ ಕೂತು ಓದುತ್ತಾರೆಯೇ ಎಂದು ಕೇಳಿ. ಓದುವುದಿಲ್ಲ ಎಂದರೆ ನಾನಾದರೆ ಬೇರೆ ಕಡೆಗೆ ಹೋಗುತ್ತೇನೆ.

ವರದಿಯನ್ನು ಭೇಟಿಯ ದಿನವೇ ಕೊಡಬೇಕು, ಇಲ್ಲವಾದರೆ ತಪ್ಪು ಬಡಿತ ಒಟ್ಟಿನಲ್ಲಿ ಶೇಕಡಾ ಎಷ್ಟು ಎಂಬುದನ್ನಾದರೂ ಮೊದಲ ಪುಟದಲ್ಲಿ ಕನ್ನಡದಲ್ಲಿ ಬರೆದುಕೊಡಬೇಕು ಎಂದು ಪತ್ರದಲ್ಲಿ ಕೇಳಿಕೊಂಡಿದ್ದೇನೆ. ಪತ್ರ ತಲುಪಿದೆ, ವಿಚಾರ ಮಾಡುತ್ತೇವೆ ಎಂದು ಕಳೆದ ವಾರ ಫೋನ್ ಮಾಡಿದ್ದರು. ಜನವರಿಯಲ್ಲಿ ಎಕೋ ಪರೀಕ್ಷೆಗೆ ಅಲ್ಲಿಗೇ ಹೋಗುತ್ತೇನೆ.