ಕೆಂಪು ಚಂದ್ರನಿಗೆ ಬೈನಾಕ್ಯುಲರ್ ಸಾಕಾ, ಟೆಲಿಸ್ಕೋಪ್ ಬೇಕಾ?

2025ರ ಸೆಪ್ಟೆಂಬರ್ 7ರ ರಾತ್ರಿ ಚಂದ್ರ 82 ನಿಮಿಷ ಪೂರ್ತಿ ಭೂಮಿಯ ನೆರಳಿನಲ್ಲಿದ್ದ. ಚಂದ್ರ ಕೆಂಪಾಗುವ ಅಂಥ ಪೂರ್ಣ ಚಂದ್ರಗ್ರಹಣ ನೋಡಲು ಬರಿಗಣ್ಣೇ ಸಾಕು, ಕಣ್ಣಿಗೆ ಅಪಾಯವೇನೂ ಇಲ್ಲ.

ಬಣ್ಣ ಸವಿಯಬೇಕಾದರೆ ನನ್ನ ಆಯ್ಕೆ 10×50 ಬೈನಾಕ್ಯುಲರ್, ಅಂದರೆ 10 ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಮಸೂರ 50 ಮಿ.ಮೀ. ಅಗಲ ಇರುವಂಥದ್ದು. ಅದು ಕಣ್ಣಿಗಿಂತ ತುಂಬಾ ಜಾಸ್ತಿ ಬೆಳಕು ಹಿಡಿಯುತ್ತದೆ. ಮಂಕಾದ ಚಂದ್ರನ ತಾಮ್ರಗೆಂಪು, ನೆರಳಿನ ಅಂಚಿನ ತೆಳು ನೀಲಿ, ಸುತ್ತಲಿನ ನಕ್ಷತ್ರಗಳು, ಎಲ್ಲವೂ ಒಟ್ಟಿಗೆ! ಕೈ ನಡುಗುತ್ತೆ ಅಲ್ವಾ? ತಾರಸಿಯ ಗೋಡೆಗೆ ಮೊಣಕೈ ಊರಿ ನಿಲ್ಲಿ.

ಟೆಲಿಸ್ಕೋಪ್‌ನಲ್ಲಿ ನೆರಳು ಒಂದೊಂದೇ ಕುಳಿಯನ್ನು ನುಂಗುವುದು ಕಾಣುತ್ತದೆ. ಅದು ನಿಜಕ್ಕೂ ಸೊಗಸು. ಆದರೆ ತುಂಬಾ ದೊಡ್ಡದು ಮಾಡಿದರೆ ಚಂದ್ರ ಪೂರ್ತಿ ಹಿಡಿಸುವುದಿಲ್ಲ, ಬಣ್ಣವೂ ಮಂಕು. ಇದ್ದರೆ ಬಳಸಿ. ಗ್ರಹಣಕ್ಕೆಂದೇ ಸುಮ್ನೆ ಕೊಳ್ಳಬೇಡಿ.

2028ರ ಡಿಸೆಂಬರ್ 31ರ ರಾತ್ರಿ ನಮ್ಮೂರಿನ ಆಕಾಶದಲ್ಲಿ ಮತ್ತೆ ಪೂರ್ಣ ಗ್ರಹಣವಿದೆ.